ನಟ್ಟಿನ ಕೊನೆಯ ಅರ್ಧ ಸುತ್ತು

ಆ ಆರು ಬೈಕುಗಳ ಕೆಲಸ ನಮ್ಮ ಅಂಗಡಿಗೆ ಬಂದಾಗ ನಮ್ಮ ಮನೆಯವರ ಬಲಗೈ ಪ್ಲಾಸ್ಟರಿನಲ್ಲಿತ್ತು. ಲಾರಿ ಗಾಲಿಗೆ ಗಾಳಿ ತುಂಬುವಾಗ ರಿಮ್ಮಿನ ಕಬ್ಬಿಣದ ಬಳೆ ಸಿಡಿದು ಮುಂಗೈ ಮೂಳೆ ಮುರಿದಿತ್ತು. ಅದೇ ಬಳೆ ಒಂದು ಗೇಣು ಮೇಲೆ ಹಾರಿದ್ದರೆ ಏನಾಗುತ್ತಿತ್ತು ಎಂದು ಈಗಲೂ ನಾನು ಯೋಚಿಸಲು ಹೋಗುವುದಿಲ್ಲ. ಲಾರಿ ಗಾಲಿ ಒಬ್ಬಳಿಂದ ಏಳುವಂಥದ್ದಲ್ಲ. ಅವರ ಕೈ ಕೂಡುವವರೆಗೆ ಬೈಕು, ಸ್ಕೂಟರು ಮಾತ್ರ ಎಂದು ನಾನೇ ತೀರ್ಮಾನಿಸಿದೆ. ಅವರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಮೇಲ್ವಿಚಾರಣೆ ವಹಿಸಿಕೊಂಡರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಆಗ ನಮ್ಮ ಅಂಗಡಿಯಿದ್ದ ಮಣಿಕೊಂಡದಲ್ಲಿ, ಆ ತೆಲುಗು ಶಹರದ ಅಂಚಿನಲ್ಲಿ, ದಿನಾ ಒಂದು ಬಂಡೆ ಒಡೆಯುತ್ತಿತ್ತು, ದಿನಾ ಒಂದು ಮಹಡಿ ಏಳುತ್ತಿತ್ತು. ಬಂಡೆ ಒಡೆಯುವವರು ನಮ್ಮ ಬೀದರ, ಕಲಬುರಗಿ ಕಡೆಯ ಮಂದಿ. ಮಹಡಿಯಲ್ಲಿ ಇರಲು ಬರುವವರು ಕಂಪ್ಯೂಟರ್ ಕೆಲಸದವರು. ಇಬ್ಬರ ಗಾಡಿಗಳೂ ಪಂಕ್ಚರ್ ಆಗಿ ನಮ್ಮಲ್ಲಿಗೇ ಬರುತ್ತಿದ್ದವು. ಹೊರಗೆಲ್ಲ ನಾವು ತೆಲುಗು, ಹಿಂದಿ ಮಾತಾಡುತ್ತಿದ್ದೆವು. ಕನ್ನಡ ಬರುತ್ತಿದ್ದದ್ದು ಗಂಡ ಹೆಂಡತಿ ಜಗಳಾಡುವಾಗ ಮಾತ್ರ.

ಅಂಥದೊಂದು ಜಗಳದ ನಡುವೆಯೇ ಆ ಹುಡುಗಿ ಅಂಗಡಿಗೆ ಬಂದಳು. ಎತ್ತರದ ಬೈಕು, ಮುಂದೆ ಇಪ್ಪತ್ತೊಂದು ಇಂಚಿನ ಗಾಲಿ, ಹಿಂದೆ ಹದಿನೇಳು, ಎರಡಕ್ಕೂ ತಂತಿ ಕಡ್ಡಿಗಳು. ಡಾಂಬರಿನ ಮೇಲೂ ಓಡುವ, ಗುಡ್ಡವನ್ನೂ ಹತ್ತುವ ಜಾತಿಯದು. ಹೆಲ್ಮೆಟ್ ತೆಗೆದು, ನಮ್ಮ ಜಗಳ ಮುಗಿಯುವ ತನಕ ಮುಗುಳ್ನಗುತ್ತ ನಿಂತು, ಆಮೇಲೆ ತಾನು ರಾಯಚೂರಿನವಳು ಎಂದಳು. ನನಗೆ ನಾಚಿಕೆಯಾಯಿತು. ಗಡಿಬಿಡಿಯಲ್ಲಿ ಚಹಾ ತರಿಸಿದೆ.

ಆಕೆ ದೊಡ್ಡ ಕಂಪ್ಯೂಟರ್ ಕಚೇರಿಯೊಂದರಲ್ಲಿ ತಂಡದ ಮುಂದಾಳು. ಕಚೇರಿಯ ಆರು ಜನ ಸೇರಿ ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಮೂರು ದಿನದ ಸವಾರಿ ಹೊರಡುವವರಿದ್ದರು. ಮೊದಲು ಅನಂತಗಿರಿ ಗುಡ್ಡದ ಕಚ್ಚಾ ದಾರಿ, ಅಲ್ಲಿಂದ ಜಹೀರಾಬಾದ್, ಮುಂದೆ ಬೀದರ ಸೀಮೆಯ ಹೊಲದ ದಾರಿ, ಕೆಂಪು ಕಲ್ಲಿನ ಇಳಿಜಾರು. ಹಿಂದಿನ ವರ್ಷ ಇದೇ ಆಕೆಯ ಮಾತು ನಂಬಿ ಹೋಗಿದ್ದ ಒಬ್ಬ ಸವಾರ ಕೆಸರಿನಲ್ಲಿ ಜಾರಿ ಕಾಲು ಮುರಿದುಕೊಂಡಿದ್ದ. ಆತನ ಬೈಕಿಗಿದ್ದದ್ದು ಡಾಂಬರಿನ ಟೈರು. ಅದು ಆಕೆಯ ಮನಸ್ಸಿನಿಂದ ಹೋಗಿರಲಿಲ್ಲ.

“ಈ ಸಲ ಯಾರಿಗೂ ಏನೂ ಆಗಬಾರದು ಅಕ್ಕಾ. ಕರಕೊಂಡು ಹೋಗಾಕಿ ನಾನು, ಅವರ ಮನಿಗೆ ಉತ್ತರ ಕೊಡಾಕಿನೂ ನಾನ.”

ಆಯ್ತು ಮೇಡಂರಿ ಎಂದೆ. ಇಷ್ಟಕ್ಕೂ ಆವರೆಗೆ ಅಂಥ ಬೈಕಿನ ಗಾಲಿ ನಾನು ಒಮ್ಮೆಯೂ ಬಿಚ್ಚಿರಲಿಲ್ಲ. ಅದನ್ನು ಆಕೆಗೆ ಹೇಳಲಿಲ್ಲ. ನಮ್ಮವರು ಕುರ್ಚಿಯಿಂದ ನನ್ನನ್ನೇ ನೋಡಿದರು.

ಟೈರಿನ ಆಯ್ಕೆಯಲ್ಲಿ ಮಾತ್ರ ನನಗೆ ಧೈರ್ಯವಿತ್ತು. ಆಕೆ ಅಂತರ್ಜಾಲದಿಂದ ಮುದ್ರಿಸಿ ತಂದ ಹಾಳೆಯಲ್ಲಿ ಒತ್ತೊತ್ತಾಗಿ ಗುಬುಟು, ಅಂದರೆ ರಬ್ಬರಿನ ದಪ್ಪ ಉಬ್ಬುಗಳು, ಇರುವ ಟೈರಿನ ಚಿತ್ರವಿತ್ತು. ಆರಕ್ಕೂ ಅದೇ ಬೇಕೆಂದಳು. ಬೇಡ ಎಂದೆ. ಬೀದರ ಕಡೆಯ ಎರೆ ಮಣ್ಣನ್ನು ನಾನು ಕಂಡವಳು. ಹಸಿಯಾದರೆ ಅದು ಬಂಡಿಯ ಗಾಲಿಗೆ ಮೆತ್ತಿ ಮೆತ್ತಿ ಗಾಲಿಯೇ ತಿರುಗದ ಹಾಗೆ ಮಾಡುತ್ತದೆ. ನಮ್ಮಪ್ಪ ಅದನ್ನು ಕೆರೆಯಲೆಂದೇ ಬಂಡಿಯಲ್ಲಿ ಒಂದು ಕಬ್ಬಿಣದ ಪಟ್ಟಿ ಇಟ್ಟುಕೊಳ್ಳುತ್ತಿದ್ದರು. ಒತ್ತು ಗುಬುಟಿನ ಸಂದಿಯಲ್ಲಿ ಆ ಮಣ್ಣು ತುಂಬಿದರೆ ಟೈರು ನುಣ್ಣಗಾಗಿಬಿಡುತ್ತದೆ, ಗುಬುಟು ಇದ್ದೂ ಇಲ್ಲದಂತೆ. ಸಂದಿ ಅಗಲವಾಗಿದ್ದರೆ ಗಾಲಿ ತಿರುಗುವ ರಭಸಕ್ಕೆ ಮಣ್ಣು ತಾನೇ ಸಿಡಿದು ಹೋಗುತ್ತದೆ. ಹಾಗೆಂದು ಎತ್ತರದ ಮೆತ್ತನೆ ಗುಬುಟನ್ನು ಹಿಂದಕ್ಕೂ ಹಾಕಿದರೆ, ಹೋಗುತ್ತ ಬರುತ್ತ ಹೆದ್ದಾರಿಯಲ್ಲೇ ಅರ್ಧ ಸವೆದು, ಉಳಿದದ್ದನ್ನು ಕೆಂಪು ಕಲ್ಲು ಹರಿದು ಹಾಕುತ್ತದೆ. ಕೊನೆಗೆ ಮುಂದಿನ ಗಾಲಿಗೆ ಬಿಡಿ ಬಿಡಿ ಗುಬುಟಿನದು, ಹಿಂದಿನದಕ್ಕೆ ನಡುವೆ ಕೂಡಿಕೊಂಡು ಅಂಚಿಗೆ ಬಿಡಿಯಾದ ಗಟ್ಟಿ ರಬ್ಬರಿನದು ಎಂದು ತೀರ್ಮಾನವಾಯಿತು. ಆಕೆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡಳು.

ಟೈರು ಬಂದವು. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು ಓದುವುದು ಈ ದಂಧೆಯ ಮೊದಲ ಪಾಠ. ಮೊದಲೆರಡು ಅಂಕಿ ತಯಾರಾದ ವಾರ, ಉಳಿದೆರಡು ವರ್ಷ. ಹನ್ನೆರಡರಲ್ಲಿ ಮೂರು ಟೈರು ಗೋದಾಮಿನಲ್ಲಿ ಐದು ವರ್ಷ ಮಲಗಿದ್ದವು. ನೋಡಲು ಹೊಚ್ಚ ಹೊಸವು. ಉಗುರು ಒತ್ತಿದರೆ ಇಳಿಯುತ್ತಿರಲಿಲ್ಲ, ಗುಬುಟಿನ ಬುಡ ಬಗ್ಗಿಸಿ ನೋಡಿದರೆ ಕೂದಲೆಳೆಯಂಥ ಬಿರುಕು. ವಾಪಸು ಕಳಿಸಿದೆ. ಬದಲಿ ಬರಲು ಮೂರು ದಿನ ಹಿಡಿಯಿತು.

ಅಷ್ಟರಲ್ಲಿ ಕೈಗೆ ಬಂದವನ್ನು ಹಾಕಲು ಕೂತೆ. ಮೊದಲ ದಿನ ಎರಡು ಗಾಲಿ ಮುಗಿಸುವಷ್ಟರಲ್ಲಿ ಮೂರು ಟ್ಯೂಬು ಹಾಳು ಮಾಡಿದೆ. ಆ ಟೈರಿನ ಪಕ್ಕೆ ಎಮ್ಮೆಯ ಚರ್ಮದ ಹಾಗೆ ಗಡುಸು. ಟೈರು ಎಬ್ಬಿಸುವ ಕಬ್ಬಿಣದ ಲಿವರಿನಿಂದ ಬಲವಂತ ಮಾಡಿದರೆ ಒಳಗಿನ ಟ್ಯೂಬು ಲಿವರಿಗೂ ರಿಮ್ಮಿಗೂ ನಡುವೆ ಸಿಕ್ಕಿ ಕಚ್ಚಿಸಿಕೊಳ್ಳುತ್ತದೆ. ಮೂರನೆಯ ಟ್ಯೂಬು ಉಸ್ಸೆಂದಾಗ ಕಣ್ಣಲ್ಲಿ ನೀರು ಬಂತು. ನಮ್ಮವರು ಬೈಯಲಿಲ್ಲ. ಕುರ್ಚಿಯಿಂದ ಎದ್ದು ಬಂದು, ಎದುರು ಬದಿಯ ಅಂಚನ್ನು ಕಾಲಿನಿಂದ ತುಳಿದು ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿದರು. ಅಲ್ಲಿ ಇಳಿದರೆ ಇಲ್ಲಿ ಸಡಿಲು ಸಿಗುತ್ತದೆ, ಲಿವರಿಗೆ ಜೋರೇ ಬೇಡ. ಲಾರಿಯಲ್ಲಿ ಕಲಿತ ವಿದ್ಯೆ ಬೈಕಿಗೂ ಬಂತು.

ಅಲ್ಲಿಂದ ಕೆಲಸ ಹದಕ್ಕೆ ಬಂತು. ವಾಲ್ವಿನ ಪಿನ್ ತೆಗೆದು ಗಾಳಿ ಬಿಡುವುದು, ಹಳೆ ಟೈರು ಕಳಚುವುದು, ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ರಿಮ್ಮಿನ ಒಳಗೆ ಹೊಸ ರಬ್ಬರ್ ಪಟ್ಟಿ ಕೂರಿಸುವುದು. ಟ್ಯೂಬಿಗೆ ಪೌಡರ್ ಸವರಿ, ಮಡಿಕೆ ಬೀಳದಷ್ಟು ಒಂದು ಉಸಿರು ಗಾಳಿ ಕೊಟ್ಟು ಒಳಗಿಡುವುದು. ಟೈರಿನ ಪಕ್ಕದ ಬಾಣ ಗಾಲಿ ತಿರುಗುವ ಕಡೆಗಿದೆಯೇ ನೋಡುವುದು. ಅಂಚಿಗೆ ಸೋಪಿನ ನೀರು ಹಚ್ಚಿ, ಗಾಳಿ ತುಂಬಿ, ‘ಟಪ್’ ಎಂದು ಎರಡು ಸಲ ಸದ್ದು ಕೇಳಿದ ಮೇಲೆ ರಿಮ್ಮಿನ ಗುಂಟ ಇರುವ ಗೆರೆ ಸುತ್ತಲೂ ಸಮನಾಗಿದೆಯೇ ಎಂದು ಬೆರಳಿನಿಂದ ಸವರಿ ನೋಡುವುದು.

ಕೊನೆಯದು, ಗಾಳಿ ತುಂಬುವ ವಾಲ್ವಿನ ಬುಡದ ನಟ್ಟು. ನಮ್ಮ ಅಂಗಡಿಯಲ್ಲಿ ಅದಕ್ಕೊಂದು ಶಾಸ್ತ್ರವಿತ್ತು. ಹನ್ನೆರಡರ ಪಾನಾ ಹಾಕಿ ನಟ್ಟನ್ನು ರಿಮ್ಮಿಗೆ ಬಿಗಿದು, ಇನ್ನು ತಿರುಗದು ಎಂದಾಗ ಮತ್ತೆ ಅರ್ಧ ಸುತ್ತು. ಆಮೇಲೆ ಅದೇ ಪಾನಾದಿಂದ ನಟ್ಟಿಗೆ ಎರಡು ಸಲ ಟಿಣ್ ಟಿಣ್ ಎಂದು ಬಡಿದು, ಗಾಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಇದು ನಮ್ಮವರ ಸಹಿ. ನಾನು ಬಿಗಿದರೆ ಅವರಿಗೆ ಸಮಾಧಾನವಿಲ್ಲ. ಹನ್ನೆರಡು ಗಾಲಿಗೂ ಆ ಅರ್ಧ ಸುತ್ತನ್ನು ಎಡಗೈಯಿಂದ ಅವರೇ ಹಾಕಿದರು.

ಹೊರಡುವ ಹಿಂದಿನ ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಗಾಳಿಯ ಪಾಠ ಮಾಡಿದೆ. ಹೆದ್ದಾರಿಯಲ್ಲಿ ಮೂವತ್ತು ಪೌಂಡ್. ಕಚ್ಚಾ ದಾರಿ ಶುರುವಾದ ಕೂಡಲೇ ನಿಂತು ಹದಿನೆಂಟಕ್ಕೆ ಇಳಿಸಬೇಕು. ಮೆತ್ತಗಾದ ಟೈರು ಕಲ್ಲನ್ನು ತಬ್ಬಿ ಹಿಡಿಯುತ್ತದೆ, ಗಟ್ಟಿ ಟೈರು ಕಲ್ಲಿನ ಮೇಲಿಂದ ಪುಟಿಯುತ್ತದೆ. ಮತ್ತೆ ಡಾಂಬರು ಬಂದರೆ ಕಾಲಿನ ಪಂಪಿನಿಂದ ತುಂಬಿಕೊಳ್ಳಬೇಕು. ಅಳೆಯುವುದು ಗಾಲಿ ತಣ್ಣಗಿದ್ದಾಗ, ಹೆಬ್ಬೆರಳಿನಿಂದ ಒತ್ತಿ ಅಲ್ಲ, ಗೇಜಿನಿಂದ. ಜಹೀರಾಬಾದ್ ದಾಟಿದ ಮೇಲೆ ನನ್ನ ಸೋದರಮಾವನ ಖಾನಾವಳಿಯಲ್ಲೇ ಊಟ ಮಾಡಬೇಕೆಂದೂ ಹೇಳಿದೆ. ಮಾವನಿಗೆ ಐದು ಊಟ ಗಿಟ್ಟಲಿ ಎಂಬ ಸ್ವಾರ್ಥವೂ ಇತ್ತು. ಐದು ಏಕೆಂದರೆ, ಆರನೆಯವನಿಗೆ ಕಚೇರಿಯಲ್ಲಿ ತುರ್ತು ಕೆಲಸ ಬಂದು ಅವನ ಬೈಕು ನಮ್ಮ ಅಂಗಡಿಯಲ್ಲೇ ಉಳಿಯಿತು.

ಶನಿವಾರ ನಸುಕಿನಲ್ಲಿ ಐದು ಬೈಕುಗಳು ಅಂಗಡಿಯ ಮುಂದಿನಿಂದಲೇ ಹೊರಟವು. ನನಗೆ ಹೆಣ್ಣು ಕೊಟ್ಟು ಕಳಿಸಿದಷ್ಟು ಹೆಮ್ಮೆ, ಅಷ್ಟೇ ಸುಸ್ತು.

ಹತ್ತು ಗಂಟೆಗೆ ಸಿಕಂದರಾಬಾದಿನ ಚಾಚಾ ಬಂದರು. ನಮಗೆ ಟ್ಯೂಬು ಕೊಡುವ ಹಳೆ ಅಂಗಡಿಯಲ್ಲಿ ಕೂರುವ ಎಪ್ಪತ್ತರ ಮುದುಕ, ಹಿಂದೆ ಫೌಜಿನಲ್ಲಿ ಮೋಟರ್‌ಸೈಕಲ್ ಮೆಕ್ಯಾನಿಕ್ ಆಗಿದ್ದವರು. ನಾನು ಹೆಚ್ಚಿಗೆ ಕೇಳಿದ್ದ ಎರಡು ದಪ್ಪ ಟ್ಯೂಬುಗಳನ್ನು ತಡವಾಯಿತೆಂದು ತಾವೇ ಸ್ಕೂಟರಿನಲ್ಲಿ ತಂದಿದ್ದರು. ಮೂಲೆಯಲ್ಲಿ ನಿಂತಿದ್ದ ಆರನೆಯ ಬೈಕನ್ನು ಸುತ್ತು ಹಾಕಿ ಟೈರಿನ ಆಯ್ಕೆಯನ್ನು ಮೆಚ್ಚಿಕೊಂಡರು. ಆಮೇಲೆ ಬಗ್ಗಿ ಮುಂಗಾಲಿಯ ನಟ್ಟು ಮುಟ್ಟಿ, ಇದನ್ನು ಬಿಗಿದವರು ಯಾರು ಎಂದು ದಖನಿ ಉರ್ದುವಿನಲ್ಲಿ ಕೇಳಿದರು. ನಾವೇ ಎಂದೆ, ಹೊಗಳುತ್ತಾರೆಂದು.

ಅವರು ಹೊಗಳಲಿಲ್ಲ. ಗಾಳಿಯನ್ನು ಹದಿನೆಂಟಕ್ಕೆ ಇಳಿಸಿದರು. ನನ್ನ ಹತ್ತಿರ ಸೀಮೆಸುಣ್ಣ ಇಸಿದುಕೊಂಡು ಟೈರಿನಿಂದ ರಿಮ್ಮಿನ ಮೇಲೆ ಬರುವಂತೆ ಅಡ್ಡ ಒಂದು ಗೆರೆ ಎಳೆದರು. ಬೈಕು ಹತ್ತಿ, ಎದುರಿನ ಅಗೆದು ಹಾಕಿದ ನಿವೇಶನಕ್ಕೆ ಇಳಿಸಿ, ಏಳೆಂಟು ಸಲ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವಾಪಸು ಬಂದರು. ಗೆರೆ ತುಂಡಾಗಿತ್ತು. ರಿಮ್ಮಿನ ಮೇಲಿನ ತುಂಡು ಒಂದು ಕಡೆ, ಟೈರಿನ ಮೇಲಿನದು ಎರಡು ಬೆರಳು ಆಚೆ.

ಚಾಚಾ ನಿಧಾನವಾಗಿ ಬಿಡಿಸಿ ಹೇಳಿದರು. ಮೂವತ್ತು ಪೌಂಡಿನಲ್ಲಿ ಟೈರು ರಿಮ್ಮನ್ನು ಬಿಡುವುದಿಲ್ಲ. ಹದಿನೆಂಟರಲ್ಲಿ, ಇಳಿಜಾರಿನಲ್ಲಿ ಬ್ರೇಕು ಹಿಡಿದಾಗಲೆಲ್ಲ ಟೈರು ರಿಮ್ಮಿನ ಮೇಲೆ ಚೂರು ಚೂರೇ ಸರಿಯುತ್ತದೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ. ನಟ್ಟು ಸಡಿಲವಿದ್ದರೆ ವಾಲ್ವು ಒಂದು ಕಡೆಗೆ ವಾಲುತ್ತದೆ. ಸವಾರ ಅದನ್ನು ನೋಡಿ ನಿಲ್ಲುತ್ತಾನೆ. ನಟ್ಟು ಬಿಗಿಯಿದ್ದರೆ ವಾಲ್ವು ನೆಟ್ಟಗೇ ನಿಂತಿರುತ್ತದೆ, ಒಳಗೆ ಅದರ ಬುಡ ಹರಿಯುತ್ತಿರುತ್ತದೆ. ಕಿತ್ತು ಬಂದರೆ ಒಂದೇ ಕ್ಷಣಕ್ಕೆ ಗಾಳಿಯೆಲ್ಲ ಖಾಲಿ. ಅದು ಮುಂಗಾಲಿಯಾದರೆ, ಅದೂ ಇಳಿಜಾರಿನಲ್ಲಾದರೆ ಏನು ಎಂಬುದನ್ನು ಅವರು ಹೇಳಲಿಲ್ಲ.

ಗಾಳಿ ಇಳಿಸಿ ಎಂದು ಹೇಳಿಕೊಟ್ಟವಳು ನಾನು. ನಟ್ಟು ಬಿಗಿದವರು ನಾವು. ಒಂದೊಂದೂ ತನ್ನ ಪಾಡಿಗೆ ಸರಿ, ಎರಡೂ ಕೂಡಿದರೆ ಕುತ್ತು.

ಫೋನು ಹಚ್ಚಿದೆ. ಆ ಹುಡುಗಿಯ ನಂಬರು ಹತ್ತಲಿಲ್ಲ. ಅವರು ಆಗಲೇ ಅನಂತಗಿರಿಯ ಗುಡ್ಡದಲ್ಲಿರಬೇಕು, ಅಲ್ಲಿ ಸಿಗ್ನಲ್ ಇಲ್ಲ. ಎರಡನೆಯ ಸಲ, ಮೂರನೆಯ ಸಲ ಹಚ್ಚುವಾಗ ನಮ್ಮವರು ಕುರ್ಚಿಯಿಂದಲೇ ಬೇಡ ಎಂದರು.

“ಇಷ್ಟು ವರ್ಷ ಬಿಗದೀನಿ, ಯಾರದರ ಒಂದು ಟ್ಯೂಬ್ ಹರದದೇನು? ಈಗ ಫೋನ್ ಮಾಡಿ ನಮ್ಮ ಕೆಲಸ ತಪ್ಪೈತಿ ಅಂದ್ರ, ನಾಳೆ ಯಾರ ಬರ್ತಾರ ಈ ಅಂಗಡಿಗೆ?”

ಅವರ ಮಾತನ್ನು ತೆಗೆದು ಹಾಕುವ ಹಾಗಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನಮಗೆ ಅಡಿಕೆಯಷ್ಟೇ ದೊಡ್ಡ ಒಂದು ನಟ್ಟು. ಲಾರಿ ಕೆಲಸ ನಿಂತಿದೆ, ಈ ಆರು ಜನ ನಾಲ್ಕು ಮಂದಿಗೆ ಹೇಳಿದರೆ ಅಂಗಡಿ ಉಳಿಯುತ್ತದೆ ಎಂದು ನಂಬಿ ಕೂತವರು ನಾವು. ಮಂದಿ ಏನೂ ಆಗದೆ ವಾಪಸು ಬರಲೂಬಹುದು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ನಿಮಿಷ, ಸುಳ್ಳೇಕೆ, ನಾನೂ ಸುಮ್ಮನೆ ಕೂತೆ.

ಆದರೆ ಕಣ್ಣು ಅವರ ಪ್ಲಾಸ್ಟರಿನ ಮೇಲೇ ಹೋಗುತ್ತಿತ್ತು. ಆ ಲಾರಿಯ ಬಳೆಗೆ ಬಿರುಕಿತ್ತಂತೆ. ಹಿಂದಿನ ಅಂಗಡಿಯವನು ನೋಡಿದ್ದನಂತೆ, ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಇದನ್ನು ನನಗೆ ಹೇಳಿದವರು ನಮ್ಮವರೇ, ಹಲ್ಲು ಕಚ್ಚಿಕೊಂಡು.

“ಆ ಬಳಿ ಬಗ್ಗೆ ಅಂವ ಒಂದು ಮಾತು ಹೇಳಿದ್ದರ, ನಿಮ್ಮ ಕೈ ಹಿಂಗ ಇರತಿತ್ತೇನ್ರಿ?” ಎಂದೆ.

ಅವರು ಮತ್ತೆ ಬೇಡ ಎನ್ನಲಿಲ್ಲ.

ನಾನು ಖಾನಾವಳಿಯ ಮಾವನಿಗೆ ಫೋನು ಹಚ್ಚಿದೆ. ಸವಾರರು ಇನ್ನೂ ಬಂದಿರಲಿಲ್ಲ. ಐದು ಎತ್ತರದ ಬೈಕು ಬರುತ್ತವೆ, ಅವರು ನನ್ನ ಜೊತೆ ಮಾತಾಡುವ ತನಕ ಎದ್ದು ಹೋಗಗೊಡಬೇಡ, ಊಟವನ್ನು ಎಷ್ಟು ಬೇಕಾದರೂ ತಡಮಾಡು ಎಂದೆ. ಮಾವ ಕಾರಣ ಕೇಳಲಿಲ್ಲ. ಅನ್ನ ಮಾಡುವುದೇ ಇಲ್ಲ, ಒಂದೊಂದೇ ರೊಟ್ಟಿ ಬಡಿಸುತ್ತೇನೆ ಎಂದ.

ಹನ್ನೊಂದಾಯಿತು, ಹನ್ನೆರಡಾಯಿತು. ಚಾಚಾ ಹೋಗಲಿಲ್ಲ, ಬಾಗಿಲಲ್ಲೇ ಬೀಡಿ ಹಚ್ಚುತ್ತ ಕೂತರು. ನಾನು ಒಂದು ಸ್ಕೂಟರಿನ ಪಂಕ್ಚರ್ ಹಾಕಿದೆ, ತೂತು ಬಿಟ್ಟು ಬೇರೆ ಕಡೆ ಪ್ಯಾಚ್ ಅಂಟಿಸಿ ಮತ್ತೆ ಬಿಚ್ಚಿದೆ. ಸವಾರರು ಮಧ್ಯಾಹ್ನ ಒಂದರೊಳಗೆ ಜಹೀರಾಬಾದ್ ಮುಟ್ಟಬೇಕಿತ್ತು. ಒಂದೂವರೆಗೆ ಮಾವ ಫೋನು ಮಾಡಿ, ಇನ್ನೂ ಬಂದಿಲ್ಲವಲ್ಲ ಮಗಳೇ ಎಂದ. ಡಬ್ಬಿ ಬಿಚ್ಚಿ, ಹಾಗೇ ಮುಚ್ಚಿಟ್ಟೆ. ನಮ್ಮವರೂ ಉಣ್ಣಲಿಲ್ಲ. ಎದ್ದು ಹೋಗಿ ಆರನೆಯ ಬೈಕಿನ ಮುಂದೆ ನಿಂತು ಆ ತುಂಡಾದ ಗೆರೆಯನ್ನೇ ನೋಡುತ್ತಿದ್ದರು.

ಎರಡೂವರೆಗೆ ಫೋನು ಬಡಿಯಿತು. ಮಾವನ ನಂಬರು, ಆ ಹುಡುಗಿಯ ದನಿ.

“ಏನಾತ ಅಕ್ಕಾ? ನಿಮ್ಮ ಮಾಮಾ ಬೈಕಿನ ಚಾವಿ ಎಲ್ಲಾ ಇಸಗೊಂಡು ಗಲ್ಲಾಪೆಟಗಿಯೊಳಗ ಇಟ್ಟಾರ.”

ಐದೂ ಜನ ಬಂದಿದ್ದರು. ಗುಡ್ಡದಲ್ಲಿ ದಾರಿ ತಪ್ಪಿ ತಡವಾಗಿತ್ತಷ್ಟೇ. ಹೋದ ಜೀವ ಬಂದ ಹಾಗಾಯಿತು. ಬೇರೆ ಮಾತು ಸೇರಿಸದೆ ಹೇಳಿದೆ.

“ತಪ್ಪು ನಮ್ಮದೈತಿ ತಂಗಿ. ವಾಲ್ವಿನ ನಟ್ಟು ನಾವು ಬಿಗೀಬಾರದಿತ್ತು. ಊಟ ಆಮ್ಯಾಲ, ಮೊದಲ ಹತ್ತೂ ಗಾಲಿ ನಟ್ಟು ಬಿಚ್ಚರಿ.”

ಅವಳು ಹೇಗೆ ಬಿಚ್ಚಬೇಕು ಎಂದು ಕೇಳಿದಳು. ಅಷ್ಟೇ. ಚಾಚಾ ನನ್ನ ಕಿವಿಯ ಹತ್ತಿರ ದಖನಿಯಲ್ಲಿ ಹೇಳುತ್ತ ಹೋದರು, ನಾನು ಕನ್ನಡದಲ್ಲಿ ಅವಳಿಗೆ ದಾಟಿಸಿದೆ. ನಟ್ಟನ್ನು ಸಡಿಲಿಸಿ ವಾಲ್ವಿನ ಮೇಲಿನ ಕ್ಯಾಪಿನ ತನಕ ಒಯ್ದು ಅಲ್ಲಿ ಬೆರಳಿನಿಂದಷ್ಟೇ ತಿರುಗಿಸಿ ನಿಲ್ಲಿಸಬೇಕು. ಯಾವ ವಾಲ್ವಾದರೂ ಆಗಲೇ ವಾಲಿದರೆ, ಗಾಳಿ ಪೂರ್ತಿ ಬಿಟ್ಟು ಟೈರಿನ ಅಂಚು ತುಳಿದು ಬಿಡಿಸಿ, ಟೈರನ್ನು ಹಿಂದಕ್ಕೆ ತಿರುಗಿಸಿ ನೆಟ್ಟಗೆ ಮಾಡಿಕೊಳ್ಳಬೇಕು. ಕಚ್ಚಾ ದಾರಿಯಲ್ಲಿ ಹದಿನೆಂಟರ ಬದಲು ಇಪ್ಪತ್ತೆರಡು. ಪ್ರತಿ ಗಾಲಿಗೂ ಸುಣ್ಣದ ಗೆರೆ. ನಿಂತಲ್ಲೆಲ್ಲ ಮೊದಲು ನೋಡಬೇಕಾದದ್ದು ಅದನ್ನೇ. ಸುಣ್ಣವನ್ನು ಮಾವ ತನ್ನ ಎಲೆ ಅಡಿಕೆ ಡಬ್ಬಿಯಿಂದ ಕೊಟ್ಟನಂತೆ.

ಅರ್ಧ ಗಂಟೆಯ ಮೇಲೆ ಮತ್ತೆ ಫೋನು. ಹತ್ತರಲ್ಲಿ ಎಂಟು ನಟ್ಟು ಸುಮ್ಮನೆ ಬಂದಿದ್ದವು. ಎರಡು ವಾಲ್ವು ಬಿಚ್ಚಿದ ಕೂಡಲೇ ತಾವಾಗಿಯೇ ಒಂದು ಕಡೆಗೆ ಬಿದ್ದವು, ಅದರಲ್ಲಿ ಒಂದು ಅವಳದೇ ಮುಂಗಾಲಿ. ಬುಡ ಹರಿದಿರಲಿಲ್ಲ. ಎರಡನ್ನೂ ನೆಟ್ಟಗೆ ಮಾಡಿಕೊಂಡು ಮುಂದೆ ಹೋದರು. ಮಾವ ಕೊನೆಗೆ ಅನ್ನವನ್ನೂ ಮಾಡಿಸಿದ್ದ.

ಸೋಮವಾರ ಸಂಜೆ ಐದೂ ಬೈಕು ಮೂತಿಯ ತನಕ ಮಣ್ಣು ಮೆತ್ತಿಕೊಂಡು ಅಂಗಡಿಯ ಮುಂದೆ ಬಂದು ನಿಂತವು. ಐದಕ್ಕೈದೂ ಜನ ತಮ್ಮ ಕಾಲ ಮೇಲೆ ಇಳಿದರು. ನಾನು ಎಣಿಸಿದೆ. ಆ ಹುಡುಗಿ ಹೆಲ್ಮೆಟ್ ತೆಗೆದು, ನನ್ನ ಕೈ ಹಿಡಿದು ಕೂರಿಸಿ ಮುಂಗಾಲಿ ತೋರಿಸಿದಳು. ಮೊದಲು ಎಳೆದ ಸುಣ್ಣದ ಗೆರೆಯ ಪಕ್ಕದಲ್ಲಿ, ಎರಡು ಬೆರಳು ಆಚೆ, ಟೈರು ಎಲ್ಲಿಯ ತನಕ ಸರಿದಿತ್ತೆಂದು ಗುರುತಿಗೆ ಅವಳು ರಿಮ್ಮಿನ ಮೇಲೆ ಎಳೆದಿದ್ದ ಇನ್ನೊಂದು ಗೆರೆ.

“ಕೆಂಪು ಕಲ್ಲಿನ ಇಳಿಜಾರಿನ ಮ್ಯಾಲ ನೀರು ಕುಡಿಯಾಕ ನಿಂತಿದ್ವಿ ಅಕ್ಕಾ. ವಾಲ್ವು ಇಷ್ಟು ವಾಲಿತ್ತು. ಅದಕ ಇಳೀಲಿಲ್ಲ, ಸರಿ ಮಾಡಕೊಂಡ ಇಳದೆ.”

ಅವಳು ಬೆರಳಿನಿಂದ ತೋರಿಸಿದ ಓರೆ ಇಷ್ಟೇ ಇಷ್ಟು. ನಾನು ಅವಳ ಮಣ್ಣಾದ ಕೈಯನ್ನು ಬಿಡದೆ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ. ನಮ್ಮವರು ಬಂದು ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು, ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತು, ಆ ಎರಡು ಗೆರೆಗಳನ್ನು ನೋಡಿದರು. ಎಡಗೈಯಿಂದ ಗಾಲಿ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮರುದಿನ ಬೆಳಗ್ಗೆ ನಮ್ಮ ಓಣಿಯ ನಿವೃತ್ತ ಮೇಷ್ಟರ ಸ್ಕೂಟರಿಗೆ ಪಂಕ್ಚರ್ ಹಾಕಿ ಮುಗಿಸಿದೆ. ಹಾಲು ತರುವುದು ಬಿಟ್ಟರೆ ಆ ಸ್ಕೂಟರು ಎಲ್ಲಿಗೂ ಹೋದದ್ದಿಲ್ಲ. ರೂಢಿಯಂತೆ ಪಾನಾ ಹಾಕಿ ನಟ್ಟು ಬಿಗಿಯಲು ಹೋದಾಗ, ತಡಿ ಎಂದು ಹಿಂದಿನಿಂದ ದನಿ ಬಂತು. ನಮ್ಮವರು ಕುರ್ಚಿಯಿಂದ ಎದ್ದು ಬಂದಿದ್ದರು. ಗಾಡಿ ಬರೀ ಡಾಂಬರಿನ ಮೇಲೆ ಓಡುತ್ತದೋ, ಗುಡ್ಡಕ್ಕೂ ಹತ್ತುತ್ತದೋ ಎಂದು ಮೇಷ್ಟರನ್ನು ತೆಲುಗಿನಲ್ಲಿ ಬಹಳ ಗಂಭೀರವಾಗಿ ವಿಚಾರಿಸುತ್ತಿದ್ದರು.